ಮಾರ್ಮನ್ ನಾಯಕರ ಪ್ರವಚನ: ದೈವವಾಣಿಯೋ, ಹಿತವಚನವೋ?

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಆರಂಭದಲ್ಲಿ ದೊಡ್ಡ ಸಮಾವೇಶ ನಡೆಯುತ್ತದೆ. ಸುಮಾರು 21 ಸಾವಿರ ಆಸನಗಳ ಸಭಾಂಗಣದಲ್ಲಿ ಶನಿವಾರ, ಭಾನುವಾರ ಎರಡೂ ದಿನ ಪ್ರವಚನ. ಅಲ್ಲಿ ಮಾತನಾಡುವವರು ಮಾರ್ಮನ್ನರೆಂದು ಹೆಸರಾದ ಕ್ರೈಸ್ತ ಪಂಗಡದ ಹಿರಿಯ ನಾಯಕರು. ಗುರುಗಳ ಮಾತೇ ವೇದವಾಕ್ಯ ಎನ್ನುವವರು ನಮ್ಮಲ್ಲೂ ಇದ್ದಾರೆ. ಮಾರ್ಮನ್ನರೂ ತಮ್ಮ ನಾಯಕರ ಮಾತನ್ನು ಹಾಗೆಯೇ ಸ್ವೀಕರಿಸುತ್ತಾರೆಯೇ? ಈ ಪ್ರಶ್ನೆಗೆ ಪಂಗಡದ ಒಳಗೇ ಒಂದೇ ಉತ್ತರವಿಲ್ಲ.

ಯಾರು ಈ ಮಾರ್ಮನ್ನರು?

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಈ ಪಂಗಡವನ್ನು ಸ್ಥಾಪಿಸಿದರು. 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್' ಎಂಬುದು ಇದರ ಪೂರ್ಣ ಹೆಸರು. ಮಾರ್ಮನ್ ಎಂಬ ಅಡ್ಡಹೆಸರು ಬೇಡವೆಂದು 2018ರಲ್ಲಿ ಚರ್ಚ್ ಕೇಳಿಕೊಂಡಿದೆಯಾದರೂ ಜನರ ಬಾಯಲ್ಲಿ ಅದೇ ಉಳಿದಿದೆ. ಚರ್ಚಿನದೇ ಲೆಕ್ಕದಂತೆ ಸದಸ್ಯರ ಸಂಖ್ಯೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು.

ದೇವರು ಹಿಂದೆ ಪ್ರವಾದಿಗಳ ಮೂಲಕ ಮಾತನಾಡಿದಂತೆ ಇಂದಿಗೂ ಮಾತನಾಡುತ್ತಾನೆ ಎಂಬುದು ಇವರ ಮೂಲ ನಂಬಿಕೆ. ಅಧ್ಯಕ್ಷರು, ಅವರ ಇಬ್ಬರು ಸಲಹೆಗಾರರು ಹಾಗೂ ಹನ್ನೆರಡು ಅಪೊಸ್ತಲರನ್ನು ಪ್ರವಾದಿಗಳೆಂದೇ ಒಪ್ಪಲಾಗುತ್ತದೆ. ಆದರೆ ಇಡೀ ಚರ್ಚಿಗೆ ಅನ್ವಯಿಸುವ ದೈವವಾಣಿ ಅಧ್ಯಕ್ಷರ ಮೂಲಕವೇ ಬರಬೇಕು.

ಗ್ರಂಥ ಬೇರೆ, ಪ್ರವಚನ ಬೇರೆ

ಮಾರ್ಮನ್ನರಿಗೆ ನಾಲ್ಕು ಧರ್ಮಗ್ರಂಥಗಳು: ಬೈಬಲ್, ಬುಕ್ ಆಫ್ ಮಾರ್ಮನ್, ಡಾಕ್ಟ್ರಿನ್ ಅಂಡ್ ಕವನೆಂಟ್ಸ್ ಮತ್ತು ಪರ್ಲ್ ಆಫ್ ಗ್ರೇಟ್ ಪ್ರೈಸ್. ಇವುಗಳಿಗೆ ಹೊಸದೇನಾದರೂ ಸೇರಬೇಕಾದರೆ ಸಮಾವೇಶದಲ್ಲಿ ಸದಸ್ಯರು ಕೈ ಎತ್ತಿ ಒಪ್ಪಿಗೆ ಕೊಡಬೇಕು. ಪ್ರವಚನಗಳು ಚರ್ಚಿನ ಪತ್ರಿಕೆಯಲ್ಲಿ ಅಚ್ಚಾಗುತ್ತವೆ, ಭಾನುವಾರದ ತರಗತಿಗಳಲ್ಲಿ ಪಾಠವಾಗುತ್ತವೆ. ಆದರೂ ಅವು ಗ್ರಂಥದ ಸಾಲಿಗೆ ಸೇರುವುದಿಲ್ಲ.

ಗೊಂದಲ ಹುಟ್ಟುವುದು ಇಲ್ಲಿಯೇ. ಪವಿತ್ರಾತ್ಮನ ಪ್ರೇರಣೆಯಿಂದ ಆಡಿದ ಮಾತು ದೇವರ ವಾಕ್ಯವೇ ಆಗುತ್ತದೆ ಎಂದು 1831ರ ಒಂದು ಪ್ರಕಟನೆ ಹೇಳುತ್ತದೆ. ಆದರೆ ಪ್ರವಾದಿಯು ಪ್ರವಾದಿಯಾಗಿ ನಡೆದುಕೊಂಡಾಗ ಮಾತ್ರ ಪ್ರವಾದಿ ಎಂದು 1843ರಲ್ಲಿ ಸ್ಮಿತ್ ಅವರೇ ತಿಳಿಸಿದ್ದರು. ಹಾಗಾದರೆ ಪ್ರೇರಣೆ ಇತ್ತೋ ಇಲ್ಲವೋ ಎಂದು ಗುರುತಿಸುವುದು ಹೇಗೆ? ಕೇಳುವವನಿಗೂ ಅದೇ ಪ್ರೇರಣೆಯಾದಾಗ ಮಾತ್ರ ಅದು ತಿಳಿಯುತ್ತದೆ ಎಂದು 1954ರಲ್ಲಿ ಹಿರಿಯ ನಾಯಕ ಜೆ. ರೂಬೆನ್ ಕ್ಲಾರ್ಕ್ ಉತ್ತರಿಸಿದರು. ಒಬ್ಬ ನಾಯಕ ಒಮ್ಮೆ ಆಡಿದ ಒಂದು ಮಾತು ಸಿದ್ಧಾಂತವಾಗಬೇಕಿಲ್ಲ ಎಂದು 2007ರಲ್ಲಿ ಚರ್ಚ್ ಅಧಿಕೃತವಾಗಿ ಸ್ಪಷ್ಟಪಡಿಸಿತು.

ಇದಕ್ಕೆ ಎದುರಾದ ಧ್ವನಿಯೂ ಇದೆ. ಮುಂದೆ ಅಧ್ಯಕ್ಷರಾದ ಎಜ್ರಾ ಟಾಫ್ಟ್ ಬೆನ್ಸನ್, 1980ರಲ್ಲಿ ಮಾಡಿದ ಭಾಷಣದಲ್ಲಿ, ಬದುಕಿರುವ ಪ್ರವಾದಿಯ ಮಾತು ಗ್ರಂಥಗಳಿಗಿಂತಲೂ ಮುಖ್ಯ ಎಂದಿದ್ದರು. 2010ರ ಅಕ್ಟೋಬರ್ ಸಮಾವೇಶದಲ್ಲಿ ಇಬ್ಬರು ಆ ಭಾಷಣವನ್ನು ಮತ್ತೆ ನೆನಪಿಸಿದರು. ಅದೇ ಸಮಾವೇಶದಲ್ಲಿ ಅಪೊಸ್ತಲ ಬಾಯ್ಡ್ ಪ್ಯಾಕರ್, ಕುಟುಂಬದ ಕುರಿತು 1995ರಲ್ಲಿ ಹೊರಟ ಘೋಷಣೆಯನ್ನು ದೈವವಾಣಿ ಎಂದು ಕರೆದರು. ಅಚ್ಚಾದ ಪ್ರತಿಯಲ್ಲಿ ಅದು 'ಮಾರ್ಗದರ್ಶಿ' ಎಂದು ಬದಲಾಗಿತ್ತು.

ಮಾತು ಬದಲಾದಾಗ

ಇದು ಬರಿಯ ಪದಗಳ ಜಗಳವಲ್ಲ. 1852ರಲ್ಲಿ ಅಧ್ಯಕ್ಷ ಬ್ರಿಗಮ್ ಯಂಗ್ ಕಪ್ಪು ಜನಾಂಗದವರಿಗೆ ಪೌರೋಹಿತ್ಯವಿಲ್ಲ ಎಂದು ಸಾರಿದರು. ಮುಂದೆ ದೇವಾಲಯದ ಮುಖ್ಯ ವಿಧಿಗಳೂ ಅವರಿಗೆ ಇಲ್ಲವಾದವು. ದೇವಾಲಯದಲ್ಲಿ ನಡೆದ ಮದುವೆ ಸಾವಿನಾಚೆಗೂ ಉಳಿಯುತ್ತದೆ ಎಂದು ನಂಬುವ ಜನರಲ್ಲಿ ಇದು ಸಣ್ಣ ನಷ್ಟವಲ್ಲ. ಈ ನಿಷೇಧಕ್ಕೆ ನಾಯಕರು ಪ್ರವಚನಗಳಲ್ಲಿ ಕಾರಣಗಳನ್ನೂ ಕೊಡುತ್ತಾ ಬಂದರು. 1978ರ ಜೂನ್‌ನಲ್ಲಿ ಹೊಸ ಪ್ರಕಟನೆಯೊಂದಿಗೆ ನಿಷೇಧ ತೆರವಾಯಿತು. ತಾವೂ ಸೇರಿದಂತೆ ನಾಯಕರು ಹಿಂದೆ ಇದಕ್ಕೆ ವಿರುದ್ಧವಾಗಿ ಹೇಳಿದ್ದನ್ನೆಲ್ಲ ಮರೆತುಬಿಡಿ ಎಂದು ಅಪೊಸ್ತಲ ಬ್ರೂಸ್ ಮೆಕಾಂಕಿ ಕೇಳಿಕೊಂಡರು. 2013ರಲ್ಲಿ ಚರ್ಚ್ ಆ ಹಳೆಯ ಕಾರಣಗಳನ್ನು ತಳ್ಳಿಹಾಕಿತು. ಆದರೆ ಅಷ್ಟರಲ್ಲಿ ಹಲವು ತಲೆಮಾರುಗಳು ಕಳೆದುಹೋಗಿದ್ದವು.

ಇತ್ತೀಚಿನ ಉದಾಹರಣೆ 2015ರದು. ಸಲಿಂಗ ದಂಪತಿಯ ಜೊತೆ ಬೆಳೆಯುವ ಮಕ್ಕಳಿಗೆ 18 ವರ್ಷ ತುಂಬುವವರೆಗೆ ದೀಕ್ಷಾಸ್ನಾನವಿಲ್ಲ ಎಂಬ ನಿಯಮ ಬಂತು. ಆಗ ಅಪೊಸ್ತಲರಾಗಿದ್ದ ರಸೆಲ್ ನೆಲ್ಸನ್ 2016ರ ಜನವರಿಯಲ್ಲಿ ಇದನ್ನು ದೈವವಾಣಿ ಎಂದರು. 2019ರ ಏಪ್ರಿಲ್‌ನಲ್ಲಿ, ಅವರೇ ಅಧ್ಯಕ್ಷರಾಗಿದ್ದಾಗ, ನಿಯಮ ರದ್ದಾಯಿತು.

ಸದಸ್ಯರ ದಾರಿ

ಪ್ರಾರ್ಥಿಸಿ ಸ್ವಂತ ಖಾತರಿ ಪಡೆಯಿರಿ ಎಂಬುದು ಚರ್ಚಿನ ಬೋಧನೆ. ಹಾಗಾಗಿ ಪ್ರತಿ ಪ್ರವಚನವನ್ನೂ ದೇವರ ಮಾತೆಂದು ಪಾಲಿಸುವವರಿದ್ದಾರೆ, ಹಿರಿಯರ ಹಿತವಚನವೆಂದು ತೂಗಿ ನೋಡುವವರೂ ಇದ್ದಾರೆ. ನಾಯಕರು ತಪ್ಪು ಮಾಡಿದ್ದುಂಟು ಎಂದು 2013ರಲ್ಲಿ ಡೀಟರ್ ಉಕ್ಟಾರ್ಫ್ ಸಮಾವೇಶದ ವೇದಿಕೆಯಲ್ಲೇ ಒಪ್ಪಿಕೊಂಡರು. ಆದರೆ ಮನಸ್ಸಿನಲ್ಲಿ ಅನುಮಾನಿಸುವುದು ಬೇರೆ, ಬಹಿರಂಗವಾಗಿ ಎದುರಾಡುವುದು ಬೇರೆ. 1993ರ ಸೆಪ್ಟೆಂಬರ್‌ನಲ್ಲಿ ಆರು ಮಂದಿ ಬರಹಗಾರರು, ವಿದ್ವಾಂಸರು ಶಿಸ್ತುಕ್ರಮಕ್ಕೆ ಗುರಿಯಾದರು. ಅವರಲ್ಲಿ ಐವರು ಬಹಿಷ್ಕೃತರಾದರು.

ಈ ಸಮಾವೇಶದ ಮಾತು ಕನ್ನಡ ನಾಡಿಗೂ ತಲುಪಿದೆ. ಬೆಂಗಳೂರಿನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ನೆಲ್ಸನ್ ಅಲ್ಲಿಂದಲೇ ಘೋಷಿಸಿದರು. 2020ರ ಡಿಸೆಂಬರ್‌ನಲ್ಲಿ ಕಾಮಗಾರಿಗೆ ಚಾಲನೆ ಸಿಕ್ಕಿತು. ನೆಲ್ಸನ್ 2025ರ ಸೆಪ್ಟೆಂಬರ್‌ನಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಡಾಲಿನ್ ಓಕ್ಸ್ ಅಧ್ಯಕ್ಷರಾದರು. ಪೀಠಕ್ಕೆ ಹೊಸಬರು ಬಂದರೂ, ಕೇಳಿದ ಮಾತಿನಲ್ಲಿ ದೇವರದೆಷ್ಟು, ಮನುಷ್ಯನದೆಷ್ಟು ಎಂದು ಅಳೆಯುವ ಹೊಣೆ ಸದಸ್ಯರ ಮೇಲೆಯೇ ಉಳಿದಿದೆ.