ಪುಟ್ಟ ಪುಸ್ತಕಗಳು ಉಳಿಸಿದ ನಾಡು

1893ರ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನ ಡನ್ಕೆಲ್ಡ್ ಎಂಬ ಊರಿನ ಬಳಿ ತಂಗಿದ್ದ ಬಿಯಾಟ್ರಿಕ್ಸ್ ಪಾಟರ್ ಎಂಬ 27 ವರ್ಷದ ಅವಿವಾಹಿತೆಯು, ತನಗೆ ಹಿಂದೆ ಪಾಠ ಹೇಳಿದ್ದ ಮಹಿಳೆಯ ಐದು ವರ್ಷದ ಮಗ ನೋಯೆಲ್ ಮೂರ್ ಕಾಯಿಲೆ ಮಲಗಿದ್ದನಾಗಿ, ಬರೆಯಲು ಬೇರೆ ವರ್ತಮಾನವೇನೂ ತೋಚದೆ, ನಾಲ್ಕು ಮೊಲದ ಮರಿಗಳ ಕಥೆಯನ್ನು ಚಿತ್ರಸಹಿತವಾಗಿ ಕಾಗದದಲ್ಲಿ ಬರೆದು ಕಳುಹಿದಳು. ಬಾಲಕನು ಅದನ್ನು ಜೋಪಾನವಾಗಿರಿಸಿಕೊಂಡಿದ್ದುದರಿಂದ, ಮುಂದೆ ಅದನ್ನು ಎರವಾಗಿ ತರಿಸಿಕೊಂಡು ಪುಸ್ತಕವಾಗಿ ಬೆಳೆಸುವುದು ಆಕೆಗೆ ಸಾಧ್ಯವಾಯಿತು. ಪ್ರಕಾಶಕರು ಒಬ್ಬೊಬ್ಬರಾಗಿ ನಿರಾಕರಿಸಲು, 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದಳು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ವರ್ಣಚಿತ್ರಗಳೊಡನೆ ಹೊರತಂದಿತು.

ಎಳೆಯ ಕೈಗೊಪ್ಪುವ ಗಾತ್ರವೂ, ಒಂದು ಪುಟದಲ್ಲಿ ನಾಲ್ಕು ಮಾತು, ಎದುರು ಪುಟದಲ್ಲಿ ಒಂದು ಚಿತ್ರವೆಂಬ ವಿನ್ಯಾಸವೂ ಇದರ ಮತ್ತು ಮುಂದೆ ಬಂದ ಆಕೆಯ ಪುಸ್ತಕಗಳ ಮೋಹಕತೆಗೆ ಕಾರಣವಾದುವೆಂಬುದು ನಿಜವಾದರೂ, ನನ್ನ ಮಟ್ಟಿಗೆ ಪ್ರಧಾನವಾದುದು ಆಕೆಯ ಸತ್ಯನಿಷ್ಠೆ. ಬಾಲ್ಯದಿಂದಲೇ ಮೊಲ, ಇಲಿ, ಬಾವಲಿಗಳನ್ನು ಸಾಕಿ ಅವುಗಳ ಅಂಗರಚನೆಯನ್ನು ತದೇಕಚಿತ್ತದಿಂದ ಚಿತ್ರಿಸಿದ್ದವಳು ಆಕೆ. ಅಣಬೆಯ ಬೀಜಕಣಗಳು ಮೊಳೆಯುವ ಬಗೆಯನ್ನು ಕುರಿತ ಆಕೆಯ ಪ್ರಬಂಧವು 1897ರಲ್ಲಿ, ಸ್ತ್ರೀಯರಿಗೆ ಪ್ರವೇಶವಿಲ್ಲದಿದ್ದ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ, ಆಕೆಯ ಗೈರುಹಾಜರಿಯಲ್ಲಿಯೇ ಮಂಡಿತವಾಗಿದ್ದಿತು. ಅದೇ ಕಣ್ಣು ಕಥೆಗೂ ಒದಗಿತು. ಕಥಾನಾಯಕನಾದ ಮರಿ ಪೀಟರನಿಗೆ ನೀಲಿ ಕೋಟು ತೊಡಿಸಿದರೂ ಒಳಗಿನ ಎಲುಬುಗೂಡು ಮೊಲದ್ದೇ. ಮೆಕ್‌ಗ್ರೆಗರನೆಂಬವನ ತೋಟದಲ್ಲಿ ಪಾದರಕ್ಷೆ ಕಳೆದೊಡನೆ ಅವನು ನಾಲ್ಕು ಕಾಲಿನಲ್ಲಿ ಓಡತೊಡಗುತ್ತಾನೆ, ಕೋಟಿನ ದೊಡ್ಡ ಗುಂಡಿಗಳು ಗಿಡಕ್ಕೆ ಹೊದಿಸಿದ ಬಲೆಗೆ ಸಿಕ್ಕಿಕೊಂಡಾಗ ಅದನ್ನೂ ಕಳಚಿ ಪೂರ್ತಿ ಮೊಲವಾಗಿ ಪಾರಾಗುತ್ತಾನೆ. ಅವನ ತಂದೆ ಅದೇ ತೋಟದಲ್ಲಿ ಸಿಕ್ಕಿ ಮೆಕ್‌ಗ್ರೆಗರನ ಮನೆಯ ಅಡಿಗೆಯಾದುದನ್ನು ತಾಯಿ ಮರಿಗಳಿಂದ ಮರೆಮಾಚುವುದಿಲ್ಲ. ಎಳೆಯರನ್ನು ಇಷ್ಟು ಗೌರವದಿಂದ ಕಂಡ ಲೇಖಕರು ವಿರಳ.

ತನ್ನನ್ನು ವರಿಸಲಿದ್ದ ನಾರ್ಮನ್ ವಾರ್ನ್ ಅಕಾಲಮರಣಕ್ಕೀಡಾದ 1905ರಲ್ಲಿಯೇ ಆಕೆ ಇಂಗ್ಲೆಂಡಿನ ಸರೋವರ ಪ್ರಾಂತದ ನಿಯರ್ ಸಾರಿ ಗ್ರಾಮದಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ಅದರ ಅಂಗಳ, ಒಲೆ, ಮೆಟ್ಟಿಲುಗಳೆಲ್ಲ ಮುಂದಿನ ಕಥೆಗಳ ಚಿತ್ರಗಳಾದುವು. 1913ರಲ್ಲಿ ಆ ಪ್ರಾಂತದ ವಕೀಲ ವಿಲಿಯಂ ಹೀಲಿಸನನ್ನು ಮದುವೆಯಾದ ಮೇಲೆ ಬರವಣಿಗೆ ವಿರಳವಾಗಿ, ಬೆಟ್ಟದ ಚಳಿಗಾಳಿಯನ್ನು ತಡೆಯಬಲ್ಲ ಹರ್ಡ್‌ವಿಕ್ ತಳಿಯ ಕುರಿಸಾಕಣೆಯೇ ಮುಖ್ಯವಾಯಿತು. ಮೊಲದ ಕಥೆ ತಂದ ಹಣವು ಒಂದೊಂದಾಗಿ ಹೊಲಮನೆಗಳನ್ನು ಕೊಳ್ಳಲು ನೆರವಾಯಿತು. 1943ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ 4,000 ಎಕರೆಗೂ ಮಿಕ್ಕ ಭೂಮಿ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿಗೆ ಸಂದಿತು. ಆ ಬೆಟ್ಟಗಳಲ್ಲಿ ಶುದ್ಧ ಹರ್ಡ್‌ವಿಕ್ ಮಂದೆಗಳನ್ನೇ ಉಳಿಸಬೇಕೆಂಬುದು ಆಕೆಯ ಉಯಿಲಿನಲ್ಲಿತ್ತು.