ನಾಯಿಯ ಪಾಲು

ನಂದೇಶ್ವರದ ನಮ್ಮ ಹಳೆ ಮನೆಯ ಪಡಸಾಲೆಯಲ್ಲಿ, ಕಂಬದ ಮೊಳೆಗೆ ಜಾಲಿ ಕಟ್ಟಿಗೆಯ ಒಂದು ತುಂಡು ತೂಗುತ್ತದೆ. ಗೇಣುದ್ದ. ಒಂದು ತುದಿಗೆ ತೂತು, ತೂತಿನಲ್ಲಿ ಸವೆದ ಉಣ್ಣೆಯ ಹುರಿ. ಹೋದ ದೀಪಾವಳಿಗೆ ಪುಣೆಯಿಂದ ಬಂದ ಮಗ ಅದನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಇದೇನು?" ಎಂದ. ಲೋಢಣೆ ಎಂದೆ. ಮರಾಠಿ ಮಾತು, ನಮ್ಮ ಮನೆಯ ಕನ್ನಡದಲ್ಲೂ ಅದೇ. ಹಿಂಡು ಬಿಟ್ಟು ಓಡುವ ದನದ ಕೊರಳಿಗೆ ಕಟ್ಟುವಂಥದ್ದು. ಇದು ಮಾತ್ರ ನಾಯಿಯದು.

ಅವನಿಗೆ ನಗು ಬಂತು. ತನ್ನ ನಾಯಿಯನ್ನು ಪುಣೆಯಲ್ಲಿ ಒಂದು ಕಡೆ ಬಿಟ್ಟು ಬಂದಿದ್ದ. ಅಲ್ಲಿ ಪಂಜರ ಇಲ್ಲ, ಸರಪಳಿ ಇಲ್ಲ. ನಾಯಿಗಳು ಅಂಗಳದಲ್ಲಿ ಆಡಿಕೊಂಡಿರುತ್ತವೆ, ಮಲಗಲು ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ದಿನಕ್ಕಿಷ್ಟು ಎಂದು ರೊಕ್ಕ. "ಇದು ಹೊಸಾ ದಂಧೆ ಅಪ್ಪಾ" ಎಂದ. ಅವನು ಹೊಸದು ಎಂದದ್ದಕ್ಕೇ ನಾನು ಇದನ್ನು ಬರೆಯಲು ಕುಳಿತೆ.

ನಮ್ಮದು ಮಂಗಳವೇಢೆ ತಾಲ್ಲೂಕು. ಕಲಚುರಿ ಬಿಜ್ಜಳನ ಮಂಗಳವಾಡ ಇದೇ. ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಭೆಟ್ಟಿಯಾಗುವ ಹೊತ್ತಿಗೆ ಭಂಡಾರ ಹಾರಿ ಗಾಳಿಯೇ ಹಳದಿಯಾಗುತ್ತದೆ. ಕುರಿ ಕಾಯ್ದ ಮಂದಿ ನಾವು. ನಾನು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ಹೊಟ್ಟೆ ಹೊರೆದವನಾದರೂ ಹುಟ್ಟಿದ್ದು ಕಂಬಳಿ ಮೇಲೆ.

ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಹಿಂಡುಗಳು ಭೀಮೆಯ ದಂಡೆಗೆ ಇಳಿಯುತ್ತಿದ್ದವು. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು. ತೋಳಕ್ಕೆ ಎದೆಗೊಟ್ಟು ನಿಲ್ಲಲು ನಾಯಿ. 2005ರಲ್ಲಿ ಅಂಚೆಚೀಟಿಗೆ ಏರಿದ ಮುಧೋಳ ನಾಯಿಯ ಹಾಗೆ ತೆಳು ಸೊಂಟದ್ದಲ್ಲ. ನಮ್ಮದು ಜಾತಿ ಹೆಸರಿಲ್ಲದ, ದಪ್ಪ ಕುತ್ತಿಗೆಯ ನಾಯಿ. ಅದನ್ನು ಯಾರೂ ಕಟ್ಟುತ್ತಿರಲಿಲ್ಲ. ಕಟ್ಟಿದ ನಾಯಿ ತೋಳವನ್ನು ಹೇಗೆ ಬೆನ್ನಟ್ಟೀತು?

ಆದರೆ ಎಲ್ಲ ನಾಯಿಗಳಿಗೂ ಆ ದಾರಿ ಸಾಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಮರಿ ಇದ್ದದ್ದು, ತೋಳ ಕಚ್ಚಿ ಕಾಲು ಊನವಾದದ್ದು, ಹಲ್ಲು ಸವೆದ ಮುದಿ ನಾಯಿ, ಇವು ನಮ್ಮ ಆಯಿಯ ಅಂಗಳಕ್ಕೆ ಬರುತ್ತಿದ್ದವು. ಮುಂಗಾರಿಗೆ ಹಿಂಡು ತಿರುಗಿ ಬರುವ ತನಕ ಅಲ್ಲೇ. ಬಂದ ದಿನ ಆಯಿ ಕೊರಳಿಗೆ ಲೋಢಣೆ ಕಟ್ಟುವಳು. ಓಡಲು ಹೋದರೆ ಕಟ್ಟಿಗೆ ಮುಂಗಾಲಿಗೆ ಬಡಿಯುತ್ತದೆ. ನಡೆಯಲು, ಮಲಗಲು ತೊಡಕಿಲ್ಲ. ಮಾಲಕನ ವಾಸನೆ ಹಿಡಿದು ಹಿಂಡಿನ ಹಿಂದೆ ಹರದಾರಿಗಟ್ಟಲೆ ಹೋಗಿ ದಾರಿಯಲ್ಲಿ ಸಾಯಬಾರದಲ್ಲ, ಅದಕ್ಕೆ. ಕಾಲಿಗೆ ಬಡಿದ ಪೆಟ್ಟು ಪೆಟ್ಟೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಾಯಿ ಎಂದು ಆಕೆಯ ಕಣ್ಣೆದುರು ಬೋಗುಣಿ ನೆಕ್ಕಿ ಖಾಲಿ ಮಾಡುತ್ತಿತ್ತೋ ಅಂದೇ ಹುರಿ ಬಿಚ್ಚುತ್ತಿದ್ದಳು. "ಉಂಡ ನಾಯಿ ಓಡೂದಿಲ್ಲ" ಎನ್ನುವಳು. ಕೆಲವಕ್ಕೆ ಎರಡು ದಿನ, ಕೆಲವಕ್ಕೆ ಹದಿನೈದು.

ಊಟವೆಂದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ರಾತ್ರಿ ದಪ್ಪ ರೊಟ್ಟಿ. ಕೊಣಮಿಗೆಯಲ್ಲಿ ಉಳಿದ ಹಿಟ್ಟನ್ನೆಲ್ಲ ಕೂಡಿಸಿ ಬಡಿದ ಆ ಕೊನೆಯ ರೊಟ್ಟಿಯನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಹಿಂಡು ಮರಳಿದಾಗ ಮಾಲಕ ಒಂದು ಕುರಿಯ ಉಣ್ಣೆ ಕೊಡುತ್ತಿದ್ದ. ಅದಕ್ಕೆ ನಮ್ಮ ಮನೆಯಲ್ಲಿ ನಾಯಿಯ ಪಾಲು ಎಂದು ಹೆಸರು.

ಈ ಪಾಲಿಗೆ ದೇವರ ಸಾಕ್ಷಿಯೂ ಇತ್ತು. ಮೈಲಾರ ಏಳ್ನೂರು ನಾಯಿಗಳೊಂದಿಗೆ ಬಂದ ದೇವರು ಎಂದು ಮುತ್ಯಾ ಹೇಳುತ್ತಿದ್ದ. ಅವನ ಗೊರವರು, ಮರಾಠಿಯ ವಾಘ್ಯಾಗಳು, ತಾವೇ ದೇವರ ನಾಯಿಗಳು. ದೋಣಿ ಎನ್ನುವ ಪಾತ್ರೆಯ ಮುಂದೆ ಮಂಡಿಯೂರಿ ಬೊಗಳುತ್ತ ಬಾಯಿಂದಲೇ ಉಣ್ಣುತ್ತಾರೆ. ಚಂಪಾಷಷ್ಠಿಗೆ ನಮ್ಮಲ್ಲಿ ಬದನೆಕಾಯಿ ಭರತ, ರೊಟ್ಟಿಯ ನೈವೇದ್ಯ. ಆಯಿ ಮೊದಲು ಇಕ್ಕುತ್ತಿದ್ದದ್ದು ನಾಯಿಗೆ. ಮಂಗಳವೇಢೆಯಲ್ಲಿದ್ದು ಮುಂದೆ ಅಕ್ಕಲಕೋಟೆಗೆ ಹೋಗಿ 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರನ್ನು ಭಕ್ತರು ದತ್ತಾವತಾರ ಎನ್ನುತ್ತಾರೆ. ದತ್ತನ ಪಟದಲ್ಲೂ ಕಾಲ ಬಳಿ ನಾಲ್ಕು ನಾಯಿ.

ಇನ್ನೂ ಹಿಂದೆ ಹೋದರೆ ಆತಕೂರಿನ ಕಲ್ಲು, ಶಕ 872ರದು. ಮಣಲೆರ ಎಂಬ ವೀರ ತನ್ನ ಒಡೆಯ ಗಂಗ ಬೂತುಗನಲ್ಲಿ ಊರು ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಹಂದಿಯೊಡನೆ ಕಾದಿ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿ ಆಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಬರೆಸಿದ್ದಾರೆ. ಅಂದರೆ ಮೊದಲು ನಾಯಿಯದು, ಆಮೇಲೆ ನಿನ್ನ ತುತ್ತು.

ಪಟ್ಟಣದ ದಯೆಯ ದಾರಿ ಬೇರೆ. 1832ರಲ್ಲಿ ಮುಂಬಯಿಯ ಕಂಪನಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ನಾಯಿಯನ್ನು ಪವಿತ್ರವೆಂದು ತಿಳಿದ ಪಾರಸಿಗಳು ಬೀದಿಗಿಳಿದರು. ಪೇಟೆ ಮುಚ್ಚಿತು, ಗಲಭೆಯಾಯಿತು. ಎರಡು ವರ್ಷದ ಮೇಲೆ, 1834ರಲ್ಲಿ, ಜಮಶೇಟಜಿ ಜೀಜೀಭಾಯಿ ಮತ್ತು ಜೈನ ವರ್ತಕರು ಕೂಡಿ ಬಿಡಾಡಿ ಪ್ರಾಣಿಗಳಿಗೆ ಮುಂಬಯಿ ಪಾಂಜರಾಪೋಳ ಕಟ್ಟಿದರು. ಕೊಲ್ಲುವುದಕ್ಕಿಂತ ಸಾಕುವುದು ದೊಡ್ಡದು, ನಿಜ. ಆದರೆ ಹೆಸರಿನಲ್ಲೇ ಪಂಜರ ಇದೆ ನೋಡಿ. ಆ ಮಾತು ಬಿಟ್ಟು 'ಪಂಜರವಿಲ್ಲ' ಎಂಬ ಬೋರ್ಡಿಗೆ ಬರಲು ಪಟ್ಟಣಕ್ಕೆ ಸುಮಾರು ಎರಡು ಶತಮಾನ ಹಿಡಿಯಿತು.

ನಮ್ಮಲ್ಲಿ ಅಂಗಳವೇ ಬರಿದಾಯಿತು. 1980ರಲ್ಲಿ ಉಜನಿ ಆಣೆಕಟ್ಟು ಮುಗಿದ ಮೇಲೆ ಭೀಮೆಯ ದಂಡೆಯ ಹೊಲಗಳಿಗೆ ಕಬ್ಬು ಬಂತು. ಕಬ್ಬಿನಲ್ಲಿ ಕುರಿ ತರುಬಲಾದೀತೆ?

ಆ ಅಂಗಳ ತುಂಬಿ ತುಳುಕಿದ್ದು 1972ರ ಬರದಲ್ಲಿ. ನಾನು ಹನ್ನೊಂದರ ಹುಡುಗ. ಮಂದಿ ನಾಯಿಗಳನ್ನು ಆಯಿಯ ಬಳಿ ಬಿಟ್ಟು, ಕಲ್ಲೊಡೆಯಲು, ಕೆರೆ ಅಗೆಯಲು ಊರು ಬಿಟ್ಟರು. ನುಚ್ಚಿಗೆ ನೀರು ಹೆಚ್ಚಾಯಿತು, ಕೊನೆಯ ರೊಟ್ಟಿ ತೆಳುವಾಯಿತು, ಆದರೆ ಒಂದು ರಾತ್ರಿಯೂ ತಪ್ಪಲಿಲ್ಲ. ಮರುವರ್ಷ ಮಳೆಯಾಗಿ ಎಲ್ಲರೂ ತಮ್ಮ ನಾಯಿ ಒಯ್ದರು. ಒಂದು ಉಳಿಯಿತು, ಎಡಗಿವಿ ಹರಿದ ಕರಿ ನಾಯಿ. ಅದರ ಮಾಲಕನ ಸುದ್ದಿಯಿಲ್ಲ. ಎರಡು ವರ್ಷ ಹೊಸ್ತಿಲ ಮೇಲೆ ಮಲಗಿ, ಅಲ್ಲೇ ಸತ್ತಿತು.

ಅದು ಸತ್ತ ಮರುವರ್ಷ ಬಾಗಿಲಿಗೆ ಒಬ್ಬ ಹುಡುಗ ಬಂದ, ಹೆಗಲ ಮೇಲೆ ಉಣ್ಣೆಯ ಗಂಟು. ಆ ಕರಿ ನಾಯಿಯ ಮಾಲಕನ ಮಗ. ಅಪ್ಪ ತೀರಿದ ಮೇಲೆ ಕೂಲಿ ಮಾಡಿ ಮತ್ತೆ ನಾಲ್ಕು ಕುರಿ ಕಟ್ಟಿದ್ದನಂತೆ. ನಾಯಿ ಇಲ್ಲ ಎಂದು ತಿಳಿದು ಸುಮ್ಮನೆ ನಿಂತ. ಆಮೇಲೆ ಗಂಟು ಕೆಳಗಿಟ್ಟ. ಬಡ ಹುಡುಗ, ಆಯಿ ಅದನ್ನು ತಿರುಗಿ ಕೊಡುತ್ತಾಳೆ ಎಂದುಕೊಂಡೆ. ಆಕೆ ಗಂಟು ಬಿಚ್ಚಿ, ಉಣ್ಣೆಯನ್ನು ಬೆರಳಲ್ಲಿ ಹಿಂಜಿ ನೋಡಿ, ಒಳಗೆ ಒಯ್ದು ಇಟ್ಟಳು. ಹುಡುಗನಿಗೆ ಊಟಕ್ಕೆ ಹಾಕಿದಳು. ಅವನು ಹೋದ ಮೇಲೆ ನಾನು ಜಗಳ ತೆಗೆದೆ.

"ಬ್ಯಾಡ ಅಂದಿದ್ರ," ಎಂದಳು, "ಆ ನಾಯಿ ನಮ್ಮಲ್ಲಿ ಉಂಡದ್ದೆಲ್ಲಾ ಭಿಕ್ಷಾ ಆಗತಿತ್ತಪಾ."