ಟೇಬಲ್ ಸಾ ಹಿಂದೆ ಸ್ಟೂಲ್ ಇಟ್ಟರೆ ಸಾಕೇ? ಗಟ್ಟಿ ಎಕ್ಸ್‌ಟೆನ್ಷನ್ ಟೇಬಲ್ ಯಾಕೆ ಬೇಕು, ಹೇಗೆ ಮಾಡಬೇಕು?

ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಣ್ಣ ಫರ್ನಿಚರ್ ವರ್ಕ್‌ಶಾಪ್‌ಗಳಿಂದ ಹಿಡಿದು ಕೆಂಗೇರಿ ಕಡೆಯ ಹೊಸ ಅಪಾರ್ಟ್‌ಮೆಂಟ್‌ಗಳವರೆಗೆ ಪ್ಲೈವುಡ್ ಕತ್ತರಿಸುವ ಸದ್ದು ನಿಲ್ಲುವುದಿಲ್ಲ. ಮನೆಗೇ ಬಂದು ವಾರ್ಡ್‌ರೋಬ್ ಮಾಡಿಕೊಡುವ ಕಡೆ ಎಷ್ಟೋ ಸಲ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾವನ್ನೇ ತಲೆಕೆಳಗಾಗಿ ಹಲಗೆಗೆ ಬೋಲ್ಟ್ ಹಾಕಿ ಟೇಬಲ್ ಸಾ ಮಾಡಿಕೊಳ್ಳುತ್ತಾರೆ. ಕತ್ತರಿಸಿದ ಶೀಟ್ ಬೀಳದಂತೆ ಹಿಂದೆ ಒಂದು ಸ್ಟೂಲ್ ಇಡುತ್ತಾರೆ, ಇಲ್ಲವೇ ಹುಡುಗನೊಬ್ಬ ಹಿಡಿದುಕೊಳ್ಳುತ್ತಾನೆ. ಇಷ್ಟು ಸಾಕೇ?

ಚಿಕ್ಕ ಉತ್ತರ: ಸಾಲದು. ಕಾರಣ ಏನೆಂದು ನೋಡೋಣ.

ಶೀಟ್ ಯಾಕೆ ವಾಲುತ್ತದೆ?

8×4 ಅಡಿಯ, 18 ಎಂಎಂ ದಪ್ಪದ ಒಂದು ಪ್ಲೈ ಶೀಟ್ ಸುಮಾರು 35 ಕೆಜಿ ತೂಗುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಟೇಬಲ್ ಅಂಚು ದಾಟಿದರೆ ಭಾರದ ಕೇಂದ್ರವೂ ಹೊರಗೆ ಹೋಗಿ ಶೀಟ್ ಹಿಂದಕ್ಕೆ ವಾಲುತ್ತದೆ. ಆಗ ಕೆಲಸಗಾರ ಏನು ಮಾಡುತ್ತಾನೆ? ತನ್ನ ಕಡೆಯ ತುದಿಯನ್ನು ಕೈಯಿಂದ ಕೆಳಗೆ ಒತ್ತುತ್ತಾನೆ. ಆ ಹೊತ್ತಿಗೆ ತುದಿ ಬ್ಲೇಡ್ ಹತ್ತಿರ ಬಂದಿರುತ್ತದೆ, ಕೈಯೂ ಅಲ್ಲೇ ಇರುತ್ತದೆ.

ಬ್ಲೇಡ್‌ನ ಹಿಂಭಾಗದ ಹಲ್ಲುಗಳು ಮೇಲ್ಮುಖವಾಗಿ ತಿರುಗಿ, ಮೇಲಿನಿಂದ ನಮ್ಮ ಕಡೆಗೇ ಬರುತ್ತವೆ. ವಾಲಿದ ಶೀಟ್ ಸ್ವಲ್ಪ ತಿರುಚಿ ಆ ಹಲ್ಲುಗಳಿಗೆ ತಾಗಿದರೆ ಬ್ಲೇಡ್ ಅದನ್ನು ಎತ್ತಿ ನಮ್ಮತ್ತಲೇ ಎಸೆಯುತ್ತದೆ. ಇದೇ ‘ಕಿಕ್‌ಬ್ಯಾಕ್’. ವೇಗ ಎಷ್ಟು ಗೊತ್ತೇ? 10 ಇಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 190 ಕಿಮೀ ವೇಗದಲ್ಲಿರುತ್ತದೆ. ಕೈ ಹಿಂದೆಗೆದುಕೊಳ್ಳಲು ಸಮಯವೇ ಸಿಗುವುದಿಲ್ಲ.

ಸ್ಟೂಲ್ ಇಟ್ಟರೆ ಎತ್ತರ ಸರಿಹೊಂದುವುದಿಲ್ಲ, ತಳ್ಳಿದರೆ ಜಾರುತ್ತದೆ. ಇನ್ನೊಬ್ಬರು ಹಿಡಿದರೆ ಅವರು ಅರಿಯದೆ ಎಳೆಯಬಹುದು ಅಥವಾ ಎತ್ತಬಹುದು. ಶೀಟ್ ತಿರುಚಲು ಅಷ್ಟೇ ಸಾಕು.

ಎಷ್ಟು ಉದ್ದ ಬೇಕು?

8 ಅಡಿ ಉದ್ದದ ಶೀಟನ್ನು ಪೂರ್ತಿ ಸೀಳಿದ ಮೇಲೆ ಅದರ ಮಧ್ಯಭಾಗ ಬ್ಲೇಡ್‌ನಿಂದ 4 ಅಡಿ ಆಚೆ ಇರುತ್ತದೆ. ಅಂದರೆ ಬ್ಲೇಡ್‌ನ ಹಿಂದೆ 4 ಅಡಿಗಿಂತ ಹೆಚ್ಚು ಆಸರೆ ಬೇಕೇ ಬೇಕು. 5 ಅಡಿ ಇದ್ದರೆ ನಿಶ್ಚಿಂತೆ. ಅಗಲದ ಶೀಟ್ ಕತ್ತರಿಸುವವರಿಗೆ ಪಕ್ಕಕ್ಕೂ ಇಂಥದ್ದೇ ಒಂದು ಟೇಬಲ್ ಬೇಕು.

‘ಮರೈನ್ ಪ್ಲೈ ಹಾಕಿದರೆ ಬಾಗುವುದಿಲ್ಲ’ – ನಿಜವೇ?

ಪೂರ್ತಿ ನಿಜವಲ್ಲ. ಐಎಸ್ 303, ಐಎಸ್ 710 ಎಂಬ ಗುರುತುಗಳಲ್ಲಿ ಮುಖ್ಯ ವ್ಯತ್ಯಾಸ ಇರುವುದು ಅಂಟು ನೀರನ್ನು ಎಷ್ಟು ತಡೆಯುತ್ತದೆ ಎಂಬುದರಲ್ಲಿ. ಹಲಗೆ ಎಷ್ಟು ಬಾಗುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡು ವಿಷಯ:

• ದಪ್ಪ ಎರಡರಷ್ಟಾದರೆ ಗಡಸುತನ 8 ಪಟ್ಟು ಹೆಚ್ಚುತ್ತದೆ.
• ನಡುವೆ ಅದೇ ಭಾರ ಇಟ್ಟು ಆಸರೆಗಳ ಅಂತರ ಅರ್ಧಕ್ಕೆ ಇಳಿಸಿದರೆ ಬಾಗುವುದು 8ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾಗಿ ದುಬಾರಿ ಪ್ಲೈಗಿಂತ ಕೆಳಗೆ ಒಂದು ಅಡ್ಡಪಟ್ಟಿ ಹೆಚ್ಚಿಗೆ ಹಾಕುವುದೇ ಲಾಭ. ಇನ್ನೊಂದು ಮಾತು: ಎರಡು 18 ಎಂಎಂ ಹಲಗೆಗಳನ್ನು ಪೂರ್ತಿ ಅಂಟಿಸಿದರೆ ಮಾತ್ರ ಈ 8 ಪಟ್ಟು ಲಾಭ. ಒಂದರ ಮೇಲೊಂದು ಸುಮ್ಮನೆ ಇಟ್ಟರೆ ಹಲಗೆಗಳು ಒಳಗೊಳಗೆ ಜಾರುವುದರಿಂದ ಸಿಗುವುದು 2 ಪಟ್ಟು ಅಷ್ಟೇ.

ಮಾಡುವ ಕ್ರಮ

1. ಫ್ರೇಮ್: ಒಂದೂವರೆ ಇಂಚಿನ ಎಂಎಸ್ ಸ್ಕ್ವೇರ್ ಪೈಪ್ ಅಥವಾ ಚೆನ್ನಾಗಿ ಒಣಗಿದ ಮರ. ಹಸಿ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ.

2. ಕಾಲುಗಳು: ನಾಲ್ಕು ಕಾಲು ನಿಲ್ಲಿಸಿದರೆ ಸಾಲದು. ಕೆಳಗೆ ಸುತ್ತಲೂ ಪಟ್ಟಿ, ಜೊತೆಗೆ ಓರೆಯಾಗಿ ಒಂದೊಂದು ಕಂಬಿ ಕೊಡಿ. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ.

3. ಮೇಲ್ಭಾಗ: 18 ಎಂಎಂ ಪ್ಲೈ, ಕೆಳಗೆ ಸುಮಾರು 40 ಸೆಂಮೀಗೆ ಒಂದು ಅಡ್ಡಪಟ್ಟಿ. ಶೀಟ್ ಸಲೀಸಾಗಿ ಜಾರಲು ಸನ್ಮೈಕಾ ಅಂಟಿಸಿ, ಆದರೆ ಎರಡೂ ಕಡೆ. ಒಂದೇ ಕಡೆ ಅಂಟಿಸಿದರೆ ತೇವ ಏರಿಳಿದಂತೆ ಹಲಗೆ ಬಾಗುತ್ತದೆ.

4. ಎತ್ತರ: ಸಾ ಟೇಬಲ್‌ಗಿಂತ 1–2 ಎಂಎಂ ತಗ್ಗಿರಲಿ. ಕೂದಲೆಳೆಯಷ್ಟು ಎತ್ತರವಿದ್ದರೂ ಶೀಟ್ ಅಂಚಿಗೆ ಬಡಿದು ಅರ್ಧದಲ್ಲೇ ನಿಲ್ಲುತ್ತದೆ. ಮುಂದಿನ ಅಂಚನ್ನು ಓರೆಯಾಗಿ ಉಜ್ಜಿ. ಕಾಲುಗಳ ತುದಿಗೆ 10 ಎಂಎಂ ಬೋಲ್ಟ್ ಹಾಕಿದರೆ ಒಂದು ಸುತ್ತಿಗೆ 1.5 ಎಂಎಂ ಏರಿಳಿಸಬಹುದು. ಸಮತಟ್ಟು ನೋಡಲು ನೇರವಾದ ಅಲ್ಯೂಮಿನಿಯಂ ಸೆಕ್ಷನ್ ಸಾಕು.

5. ಜೋಡಣೆ: ಸಾ ಸ್ಟ್ಯಾಂಡ್‌ಗೆ ಬೋಲ್ಟ್ ಹಾಕಿ. ಮೈಟರ್ ಗೇಜ್ ಓಡುವ ಗಾಡಿಗಳು ಹೊಸ ಟೇಬಲ್ ಮೇಲೂ ಮುಂದುವರಿಯಲಿ.

ಕೊನೆಗೆ ಪ್ಲಗ್ ತೆಗೆದು, ಬ್ಲೇಡ್ ಇಳಿಸಿ, ಪೂರ್ತಿ ಶೀಟನ್ನು ಒಮ್ಮೆ ತಳ್ಳಿ ನೋಡಿ. ಎಲ್ಲೂ ತಡೆಯಬಾರದು, ವಾಲಬಾರದು.

ಟೇಬಲ್ ಒಂದೇ ಸಾಲದು

ಎಷ್ಟೇ ಗಟ್ಟಿ ಟೇಬಲ್ ಇದ್ದರೂ ಬ್ಲೇಡ್ ಗಾರ್ಡ್, ಸೀಳು ಮುಚ್ಚಿಕೊಳ್ಳದಂತೆ ತಡೆಯುವ ರೈವಿಂಗ್ ನೈಫ್, ತಳ್ಳುವ ಕೋಲು ಇರಲೇಬೇಕು. ತಲೆಕೆಳಗಾಗಿಸಿದ ಸಾಗಳಲ್ಲಿ ಸಾಮಾನ್ಯವಾಗಿ ಮೊದಲೆರಡೂ ಇರುವುದಿಲ್ಲ. ಆ ಕೊರತೆಯನ್ನು ಯಾವ ಟೇಬಲ್ಲೂ ತುಂಬದು. ‘ಗ್ಲೌಸ್ ಹಾಕಿದರೆ ಕೈ ಸೇಫ್’ ಎಂಬುದೂ ತಪ್ಪು. ತಿರುಗುವ ಬ್ಲೇಡ್ ಗ್ಲೌಸನ್ನು ಹಿಡಿದು ಕೈಯನ್ನೇ ಒಳಗೆಳೆಯುತ್ತದೆ. ಸರಿಯಾಗಿ ಕಲಿಯಬೇಕೆನ್ನುವವರಿಗೆ ದೂರವಿಲ್ಲ: ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸ ಯಂತ್ರಗಳ ತರಬೇತಿ ಕೇಂದ್ರವಿದೆ.

ಬೆರಳು ತುಂಡಾದರೆ?

ಇಲ್ಲಿ ತಪ್ಪು ಸಲಹೆಗಳೇ ಹೆಚ್ಚು. ಗಾಯಕ್ಕೆ ಅರಿಶಿನ, ಕಾಫಿ ಪುಡಿ ಹಾಕಬೇಡಿ. ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ನೇರವಾಗಿ ಐಸ್ ಮೇಲೆ ಇಡಬೇಡಿ, ಜೀವಕೋಶಗಳು ಹೆಪ್ಪುಗಟ್ಟಿ ಹಾಳಾಗುತ್ತವೆ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. 108ಕ್ಕೆ ಕರೆ ಮಾಡಿ, ಗಾಯಾಳುವಿನ ಜೊತೆಗೇ ಅದನ್ನೂ ಆಸ್ಪತ್ರೆಗೆ ಒಯ್ಯಿರಿ. ಬೇಗ ತಲುಪಿದಷ್ಟೂ ಮತ್ತೆ ಜೋಡಿಸುವ ಸಾಧ್ಯತೆ ಹೆಚ್ಚು.

ನಿಮ್ಮ ಮನೆಯಲ್ಲಿ ಈಗ ಮರಗೆಲಸ ನಡೆಯುತ್ತಿದ್ದರೆ ಸಾ ಹಿಂದೆ ಏನಿದೆ ಎಂದು ಒಮ್ಮೆ ನೋಡಿ. ಸ್ಟೂಲ್ ಕಂಡರೆ ಈ ಲೇಖನವನ್ನು ಕೆಲಸದವರಿಗೂ ಕಳಿಸಿ.